ಸೈಲೆನ್ಸರಿಗೊಂದು ಕುಲಾವಿ

ಟೀ ಫ್ಯಾಕ್ಟರಿ ಗೇಟಿನಲ್ಲಿ ಎಲೆ ಪರೀಕ್ಷಿಸುವ ವಸಂತಕುಮಾರ್ ನಮ್ಮ ಲಾರಿಯಿಂದ ಒಂದು ಎಲೆ ಮೂಟೆ ಇಳಿಸಿ, ಬಾಯಿ ಬಿಚ್ಚಿ, ಒಂದು ಹಿಡಿ ಎಲೆ ತೆಗೆದು ನನ್ನ ಮೂಗಿನ ಹತ್ತಿರವೇ ತಂದು ಹಿಡಿದ. ಹಸಿ ಟೀ ಎಲೆಯ ವಾಸನೆ ಎಲ್ಲಿ ಬಂತು? ಡೀಸೆಲ್ ಮಸಿಯ ಗಬ್ಬು. ಎಲೆಯ ಮೇಲೆ ಇಂಕು ಚೆಲ್ಲಿದಂತೆ ಕಪ್ಪು ಹನಿಗಳು.

"ಅಮ್ಮಾ, ಇದನ್ನ ತೊಟ್ಟಿಲಿ ಬಾಡೋಕೆ ಹಾಕಿದ್ರೆ ಮಿಕ್ಕ ಎಲೆನೂ ಹೋಯ್ತು. ಇವತ್ತು ವಾಪಸ್ ತಗೊಂಡೋಗಿ. ಇನ್ನೊಂದು ಸಲ ಹೀಗಾದ್ರೆ ನಿಮ್ಮ ಲಾರಿ ಬೇಡ ಅಂತ ಮ್ಯಾನೇಜರ್ ಹೇಳ್ಬಿಟ್ಟಿದ್ದಾರೆ."

ನಾನು ಹಾರಾಡಿದೆ. ನಿಮ್ಮ ಫ್ಯಾಕ್ಟರಿ ಚಿಮಣಿ ಉಗುಳೋದೇನು ಗಂಧದ ಹೊಗೆಯಾ ಎಂದೂ ಕೇಳಿದೆ. ಅವನು ಪಾಪ, ತಲೆ ತಗ್ಗಿಸಿ ನಿಂತಿದ್ದ. ತಪ್ಪು ನಮ್ಮದೇ ಎಂದು ನನಗೂ ಗೊತ್ತಿತ್ತು. ವಾಪಸು ಬಂದು ಹಟ್ಟಿಯ ಪೊನ್ನಮ್ಮನ ಮುಂದೆ ಅವಳು ಕೊಯ್ದ ಎಲೆಯನ್ನೇ ಇಳಿಸುವಾಗ ಮುಖ ಎತ್ತಲಾಗಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಟೀ ಕುಡಿದು ಹೋಗು ಅಕ್ಕಾ" ಅಂದಳು.

ನಾವು ಗುಂಡ್ಲುಪೇಟೆ ಕಡೆಯವರು. ನನ್ನ ಗಂಡ ಪುಟ್ಟರಾಜು ತರಕಾರಿ ವ್ಯಾಪಾರಕ್ಕೆಂದು ಬೆಟ್ಟ ಹತ್ತಿದವರು, ಲಾರಿ ಕೊಂಡು ಈ ಕುಂದಾ ಕಡೆಯ ಹಟ್ಟಿಗಳ ಎಲೆ ಸಾಗಿಸುತ್ತ ಇಲ್ಲೇ ನಿಂತರು. ಹೋದ ವರ್ಷ ಇವರಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಎಡಗೈ ಉಳಿಯಲಿಲ್ಲ. ಲಾರಿ ಮಾರಿಬಿಡಿ ಎಂದು ನೆಂಟರೆಲ್ಲ ಉಪದೇಶ ಮಾಡಿದರು. ಮೊದಲಿನಿಂದಲೂ ಜೀಪು ಓಡಿಸುತ್ತಿದ್ದವಳು ನಾನು, ಹಟ ಹಿಡಿದು ಲಾರಿ ಲೈಸೆನ್ಸ್ ಮಾಡಿಸಿ ಸ್ಟೀರಿಂಗ್ ಹಿಡಿದೆ. ಅಂದಿನಿಂದ ಇವರು ಲಾರಿಯ ಒಳಗೆ ಕಾಲಿಟ್ಟಿಲ್ಲ. ಕರೆದರೆ, "ಮೂಟೆ ಥರ ಪಕ್ಕದಲ್ಲಿ ಕೂತ್ಕೊಳ್ಳೋಕೆ ನಾನೇನು ಎಲೆಯಾ?" ಎನ್ನುತ್ತಿದ್ದರು.

ಹೊರಗಿನಿಂದ ಮಾತ್ರ ಒಂದು ಕೆಲಸ ಇಟ್ಟುಕೊಂಡಿದ್ದರು. ಹಟ್ಟಿ ದಾರಿಯ ಕಲ್ಲಿಗೆ ತಗುಲಿ ತಗುಲಿ ಹಳೆಯ ಸೈಲೆನ್ಸರ್ ಹರಿದುಹೋದಾಗ, ಕಾಯಿಲೆಗೆ ಮುಂಚೆ, ಮೇಟುಪಾಳ್ಯದಿಂದ ಇವರೇ ಬೇರೊಂದು ತಂದು ಹಾಕಿಸಿದ್ದರು. ಕಂಪನಿಯದಲ್ಲ, ಹೊರಗಡೆ ಮಾಡಿದ್ದು. ಕ್ಯಾಬಿನ್ ಹಿಂದೆ ನೆಟ್ಟಗೆ ನಿಲ್ಲುವ ದಪ್ಪ ಡಬ್ಬಿ, ಅದರ ಮೇಲೆ ಆಕಾಶ ನೋಡುವ ಕೊಳವೆ. ಸಂಜೆ ನಾನು ಲಾರಿ ನಿಲ್ಲಿಸಿದ ಮೇಲೆ ಇವರು ತಮ್ಮ ಹಳೆಯ ಉಣ್ಣೆ ಟೋಪಿಯೊಳಗೆ ಬಟ್ಟೆ ತುರುಕಿ, ಸೀಬೆಕಾಯಿ ಕೀಳುವ ದೋಟಿಯ ತುದಿಗೆ ಸಿಕ್ಕಿಸಿ, ಒಂದೇ ಕೈಯಲ್ಲಿ ತಡವರಿಸುತ್ತ ಆ ಕೊಳವೆಯ ಬಾಯಿಗೆ ತೊಡಿಸುತ್ತಿದ್ದರು. ಮಂಜು ಒಳಗಿಳಿಯಬಾರದು ಎಂದು. ಮಾರನೆಯ ದಿನ ಎಲೆ ತುಂಬುವ ಹೊತ್ತಿಗೆ ತೆಗೆಯುತ್ತಿದ್ದರು. "ಮಗುಗೆ ಕುಲಾವಿ ಹಾಕಾಯ್ತಾ?" ಎಂದು ನಾನು ರೇಗಿಸಿದರೆ ನಗುತ್ತಿದ್ದರು. ಇಡೀ ದಿನದಲ್ಲಿ ಇವರು ನಗುತ್ತಿದ್ದುದು ಆಗ ಮಾತ್ರ.

ಎಲೆ ವಾಪಸಾದ ಮಾರನೆಯ ಬೆಳಿಗ್ಗೆ ಲಾರಿಯನ್ನು ಮಂಜೂರಿನ ಮೆಕ್ಯಾನಿಕ್ ಪ್ರವೀಣ್‌ಕುಮಾರನ ಶೆಡ್ಡಿಗೆ ಒಯ್ದೆ. ಅವನು ಕೊಳವೆಯ ಬಾಯಿಗೆ ಅಂಟಿದ್ದ ಟೋಪಿಯ ಉಣ್ಣೆ ಎಳೆಗಳನ್ನು ಕಿತ್ತು ನೋಡಿ, ಸೈಲೆನ್ಸರ್ ಬಿಚ್ಚಿ ಬೋರಲು ಹಾಕಿದ. ಬಳಬಳನೆ ಕಪ್ಪು ನೀರು ಸುರಿಯಿತು.

"ಇಷ್ಟು ನೀರು ಎಲ್ಲಿಂದ ಬಂತಪ್ಪಾ? ಮಳೆನೇ ಇಲ್ಲ!"

"ಮಳೆ ಯಾಕೆ ಬೇಕು ಅಕ್ಕಾ? ಡೀಸೆಲ್ ಉರಿದ್ರೆ ಹೊಗೆ ಜೊತೆ ನೀರಾವಿ ಬಂದೇ ಬರತ್ತೆ. ಹೊರಗೆ ಹೋಗೋಕೆ ಬಿಟ್ರೆ ಹೋಗತ್ತೆ. ನೀವು ಬಾಯಿ ಮುಚ್ಚಿದ್ರೆ ಒಳಗೇ ತಣ್ಣಗಾಗಿ ನೀರಾಗತ್ತೆ. ಟೋಪಿ ಹಾಕೋದು ಯಾರು?"

ನಾನು ಕಪ್ಪು ನೀರಿನಿಂದ ಚಪ್ಪಲಿ ಹಿಂದಕ್ಕೆ ಎಳೆದುಕೊಂಡೆ.

ಅವನು ಡಬ್ಬಿಯ ತಳದಲ್ಲಿ ನೀರು ಜಿನುಗಲು ಸಣ್ಣ ತೂತು ಕೊರೆದ. ಆದರೆ ತೂತು ಮಸಿ ಕಟ್ಟುತ್ತದೆ, ಅದನ್ನೇ ನಂಬಬೇಡಿ ಎಂದ. ನಿಮ್ಮ ಲಾರಿ ತಣ್ಣಗಿರುವಾಗಲೇ ಎಲೆ ತುಂಬಿಕೊಂಡು ಬರೀ ಇಳಿಜಾರಿನಲ್ಲಿ ಹೋಗುತ್ತದೆ, ಎಂಜಿನ್ನಿಗೆ ದಮ್ಮೇ ಕಟ್ಟುವುದಿಲ್ಲ, ಸೈಲೆನ್ಸರ್ ಕಾಯುವುದಿಲ್ಲ. ಕೆಳಗೆ ಎಲ್ಲೋ ಒಂದು ಏರು ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಒಳಗಿನದೆಲ್ಲ ಮೂಟೆಗಳ ಮೇಲೆ ಉಗುಳುತ್ತದೆ. ಖಾಲಿ ಇರುವಾಗಲೇ ಒಂದು ಸಲ ಏರು ಹತ್ತಿಸಿ ಒಣಗಿಸಿಕೊಳ್ಳಿ ಎಂದ. "ಎಲ್ಲಕ್ಕಿಂತ ಮೊದ್ಲು ಆ ಟೋಪಿ ಬಿಸಾಕಿ ಅಕ್ಕಾ. ಇಲ್ಲಾಂದ್ರೆ ತಗಡು ತುಕ್ಕು ಹಿಡಿದು ಮುಗೀತು."

ಬಿಸಾಕಿ ಅಂತೆ! ಹೇಳುವವನಿಗೇನು? ಊರಿಗೆಲ್ಲ ಬಾಯಿ ಮಾಡುವ ನಾನು, ಒಂದು ಟೋಪಿಯ ವಿಷಯ ಗಂಡನಿಗೆ ಹೇಳಲಾರದೆ ದಾರಿಯುದ್ದಕ್ಕೂ ಪ್ರವೀಣನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ನೀವು ಪ್ರೀತಿಯಿಂದ ಮಾಡಿದ್ದೇ ಲಾರಿಯನ್ನು ಕೊಲ್ಲುತ್ತಿದೆ ಎಂದು ಹೇಗೆ ಹೇಳುವುದು? ಅದೊಂದನ್ನೂ ಕಿತ್ತುಕೊಂಡರೆ ಇವರು ಬೆಳಗಾದರೆ ಎದ್ದು ಏನು ಮಾಡಬೇಕು? ಹಾಗೆಂದು ಸುಮ್ಮನಿದ್ದರೆ ಫ್ಯಾಕ್ಟರಿ ಲಾರಿ ಬೇಡವೆನ್ನುತ್ತದೆ, ಆಮೇಲೆ ಇಬ್ಬರೂ ಬಾಗಿಲಲ್ಲಿ ಕೂತು ಮಂಜು ನೋಡಬೇಕು.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಸಂಜೆ ಇವರು ಟೋಪಿ ತೊಡಿಸಿ ಒಳಗೆ ಹೋದ ಮೇಲೆ, ಸೌದೆ ತರುವ ನೆಪದಲ್ಲಿ ಹೊರಗೆ ಬಂದು ತೆಗೆಯುವುದು. ಬೆಳಿಗ್ಗೆ ಇವರು ಏಳುವ ಮೊದಲು ಮತ್ತೆ ತೊಡಿಸುವುದು. ಕಳ್ಳರಂತೆ ನಮ್ಮ ಲಾರಿಯ ಸುತ್ತಲೇ ದೋಟಿ ಹಿಡಿದು ಓಡಾಡಿದೆ. ಮೂಟೆಯ ಮೇಲೆ ಹನಿ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಮೂಟೆಗಳ ಮೇಲೆ ಟಾರ್ಪಾಲು ಹೊದಿಸಿ ಹೇಗೋ ದಾಟಿಸುತ್ತಿದ್ದೆ. ಗೇಟಿನಲ್ಲಿ ವಸಂತಕುಮಾರ್ ಮೂಟೆ ಬಿಚ್ಚಲು ಬಂದಾಗಲೆಲ್ಲ ಹನಿ ಬೀಳದ ಮೂಟೆಯನ್ನೇ ಮುಂದೆ ತಳ್ಳುತ್ತಿದ್ದೆ.

ಆಮೇಲೊಂದು ದಿನ ಮಧ್ಯಾಹ್ನ ಎಲೆ ತುಂಬಲು ಹೊರಡಬೇಕು ಎನ್ನುವಾಗ ಇವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟರು. ಒಳಗಿನ ಬಟ್ಟೆಯನ್ನು ಎಳೆದು ಕೆನ್ನೆಗೆ ಒತ್ತಿ ನೋಡಿಕೊಂಡರು.

"ಒಣಗೈತೆ" ಅಂದರು.

"ಬಿಸಿಲಿತ್ತಲ್ಲ…"

"ಎಲ್ಲಿತ್ತೇ ಬಿಸಿಲು? ದಿನಾ ಹಿಂಡಿದ್ರೆ ಕಪ್ಪು ನೀರು ಬರ್ತಿತ್ತು. ಈಗ ಒಂದು ವಾರದಿಂದ ಒಣಗೈತೆ. ನೀನು ತೆಗೀತಿದ್ದೀಯ."

ಸಿಕ್ಕಿಬಿದ್ದವಳಿಗೆ ಕೋಪ ಬಾರದೆ ಇರುತ್ತದೆಯೇ? "ಹೂಂ, ತೆಗೀತಿದ್ದೀನಿ! ಏನೀವಾಗ? ಅದ್ರಿಂದ್ಲೇ ನೀರು ತುಂಬ್ಕೊಳ್ಳೋದಂತೆ. ಅದ್ರಿಂದ್ಲೇ ಎಲೆ ವಾಪಸ್ ಬಂದಿದ್ದು. ನಿಮಗೆ ಹೇಳಿ ನಿಮ್ಮ ಮುಖ ಬಾಡೋದ್ನ ನೋಡ್ಲಾ?"

ಇವರ ಮುಖ ಬಾಡಿತು, ನಿಜವಾಗಿಯೂ ಬಾಡಿತು. ಟೋಪಿಯನ್ನು ಕಟ್ಟೆಯ ಮೇಲಿಟ್ಟರು. ನಾನು ನಾಲಿಗೆ ಕಚ್ಚಿಕೊಂಡೆ.

"ಪುಷ್ಪಾ, ಕೈ ಹೋಗೈತೆ, ತಲೆ ಹೋಗಿಲ್ಲ. ತಪ್ಪು ಮಾಡಿದ್ರೆ ಮುಂಚೆ ನೀನು ಮೂರು ಬೀದಿಗೆ ಕೇಳೋ ಹಂಗೆ ಬಯ್ತಿದ್ದೆ. ಈಗ ಕದ್ದು ಸರಿ ಮಾಡ್ತೀಯ. ಅಷ್ಟು ಕೆಲಸಕ್ಕೆ ಬಾರದವನಾಗೋದ್ನಾ ನಾನು?"

ನಾನು ಕಟ್ಟೆಯ ಮೇಲಿನ ಟೋಪಿಯನ್ನು ಕೈಗೆತ್ತಿಕೊಂಡೆ.

"ಪ್ರವೀಣ ಏನಂದ? ಪೂರ್ತಿ ಹೇಳು."

ಎಲ್ಲ ಹೇಳಿದೆ. ತೂತಿನ ವಿಷಯ, ಇಳಿಜಾರಿನ ವಿಷಯ, ಖಾಲಿ ಲಾರಿಯನ್ನು ಏರು ಹತ್ತಿಸಬೇಕೆಂದದ್ದು. ಇವರು ಬಗ್ಗಿ ತಳದ ತೂತು ಹುಡುಕಿ, ಮಸಿ ಕಟ್ಟಿದ್ದನ್ನು ತಂತಿಯಿಂದ ಚುಚ್ಚಿ ಬಿಡಿಸಿದರು. ಆಮೇಲೆ ಕೇಳಿದರು.

"ಮತ್ತೆ ಏರು ಹತ್ತಿಸಿದ್ಯಾ?"

"ಎಲ್ಲಿ ಹತ್ತಿಸ್ಲಿ? ಮೇಲಿನ ದಾರಿ ಎಷ್ಟು ಕಡಿದು ಗೊತ್ತಲ್ಲ. ಆ ತಿರುವಲ್ಲಿ ಗೇರ್ ಬೀಳಲ್ಲ, ಒಬ್ಬಳಿಗೆ ಭಯ."

ಇವರು ಲಾರಿಯ ಎಡಬಾಗಿಲು ತೆರೆದು, ಬಲಗೈಯಲ್ಲಿ ಕಂಬಿ ಹಿಡಿದು, ಏದುಸಿರು ಬಿಡುತ್ತ ಹತ್ತಿದರು. ನಾನು ಹಿಂದಿನಿಂದ ನೂಕಲು ಹೋದರೆ, "ಬಿಡೇ" ಎಂದು ಗದರಿದರು. ಕೂತು, ಬಲಗೈಯನ್ನು ಗೇರಿನ ಮೇಲಿಟ್ಟರು.

"ಈ ಕಡೆಯಿಂದ ಈ ಕೈ ಸಿಗ್ತದಲ್ಲ," ಅಂದರು, ತಮಗೆ ತಾವೇ ಹೇಳಿಕೊಂಡಂತೆ. "ಕ್ಲಚ್ ನೀನು ತುಳಿ. ಗೇರ್ ನಾನು ಹಾಕ್ತೀನಿ."

ಹೊರಟೆವು. ಮೊದಲ ತಿರುವಿನಲ್ಲಿ ನಾನು ಬೇಗ ತುಳಿದೆ, ಇವರು ತಡ ಮಾಡಿದರು, ಲಾರಿ ಕರಕರ ಎಂದು ಒದ್ದಾಡಿತು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೆವು. ಎರಡನೆಯದರಲ್ಲಿ ಇವರು "ಹೂಂ" ಅಂದಾಗ ತುಳಿದೆ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಗೇರ್ ಬಿತ್ತು. ಎಂಜಿನ್ ದಮ್ಮು ಕಟ್ಟಿ ಗುಡುಗಿತು. ಹಿಂದೆ ಕೊಳವೆ ಕಪ್ಪು ನೀರನ್ನೆಲ್ಲ ಖಾಲಿ ಲಾರಿಯ ಮೇಲೆ, ಬೇಲಿಯ ಮೇಲೆ ಉಗುಳಿತು, ಆಮೇಲೆ ಬಿಳಿ ಹಬೆ, ಆಮೇಲೆ ಏನೂ ಇಲ್ಲ.

ಮೇಲೆ ಲಾರಿ ತಿರುಗಿಸಿ ಒಂದು ಗಳಿಗೆ ನಿಲ್ಲಿಸಿದೆ. ಇವರ ಹಣೆಯಲ್ಲಿ ಬೆವರಿತ್ತು. ಕೈ ಇನ್ನೂ ಗೇರಿನ ಮೇಲೇ ಇತ್ತು.

"ನಾಳೆನೂ ಬರ್ಲಾ?" ಎಂದು ಕೇಳಿದರು. ತಮ್ಮದೇ ಲಾರಿಗೆ, ನನ್ನ ಅಪ್ಪಣೆ.

"ಬರ್ದೇ ಇದ್ದು ನೋಡಿ, ಹೇಳ್ತೀನಿ!" ಎಂದು ಗಟ್ಟಿಯಾಗಿ ರೇಗಿದೆ, ಮೂರು ಬೀದಿಗೆ ಕೇಳುವಂತೆ. ರೇಗದಿದ್ದರೆ ಅಳುತ್ತಿದ್ದೆ.