ಮೂರರಿಂದ ಆರು

ಮಧ್ಯಾಹ್ನ ಮೂರಕ್ಕೆ ರೆಸ್ಟೋರೆಂಟಿನ ಶಟರ್ ಇಳಿದರೆ ಮತ್ತೆ ಏಳುವುದು ಸಂಜೆ ಆರಕ್ಕೆ. ಆ ಮೂರು ಗಂಟೆ ಬಡಿಸುವವರಿಗೆ ಬಿಡುವು ಎಂದು ಮ್ಯಾನೇಜರ್ ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ್ದ. ಬಿಡುವಂತೆ ಬಿಡುವು. ಒಳಗೆ ಕೂರೋಣವೆಂದರೆ ಬೀಗ. ಕೋಣೆಗೆ ಹೋಗಿಬರೋಣವೆಂದರೆ ಎರಡೆರಡು ಬಸ್ಸು, ಎರಡೂವರೆ ಗಂಟೆ. ಬೆಳಗ್ಗೆಯಿಂದ ತಟ್ಟೆ ಹೊತ್ತು ಓಡಾಡಿದ ಅವಳ ಕಾಲುಗಳು ಬೊಬ್ಬೆ ಹೊಡೆಯುತ್ತಿದ್ದವು. ಅಷ್ಟು ದೊಡ್ಡ ಊರಿನಲ್ಲಿ ಏನನ್ನೂ ಕೊಳ್ಳದೆ ಕೂರಲು ಒಂದು ಕುರ್ಚಿ ಇರಲಿಲ್ಲ. ಪಾರ್ಕಿನ ಗೇಟು ಐದರವರೆಗೆ ತೆರೆಯುತ್ತಿರಲಿಲ್ಲ. ಯಾರೂ ಹೆಚ್ಚು ಹೊತ್ತು ಕೂರದಿರಲೆಂದೇ ಬಸ್ ಸ್ಟಾಪಿನ ಬೆಂಚನ್ನು ಇಳಿಜಾರು ಮಾಡಿಸಿದ್ದ ಪುಣ್ಯಾತ್ಮನ ಕಾಲು ಮುರಿಯಲೆಂದು ಅವಳು ದಿನಾ ಶಪಿಸುತ್ತಿದ್ದಳು.

ಕೆಲಸಕ್ಕೆ ಸೇರಿದ ಎರಡನೇ ವಾರ ರೋಸಿಹೋಗಿ ಹಿಂದಿನ ಬೀದಿಯ ಆಸ್ಪತ್ರೆಗೆ ನುಗ್ಗಿದಳು. ರೋಗಿಗಳ ಕಡೆಯವರು ಕಾಯುವ ಹಾಲಿನಲ್ಲಿ ಫ್ಯಾನು, ಕುಡಿಯುವ ನೀರು, ಬೆನ್ನಿಗೆ ಆನಿಕೆಯಿದ್ದ ಕುರ್ಚಿಗಳು. ಯಾರ ಕಡೆಯವರು ಎಂದು ವಾಚ್‌ಮನ್ ಅಡ್ಡಗಟ್ಟಿದ.

"ಅಮ್ಮ. ಮೂರನೇ ಮಹಡಿ," ಎಂದುಬಿಟ್ಟಳು. ಊರಲ್ಲಿ ಅಮ್ಮ ಗುಂಡುಕಲ್ಲಿನ ಹಾಗಿದ್ದಳು. ಪಾಪ, ಅವನು ತಾನೇ ಕುರ್ಚಿ ತೋರಿಸಿದ.

ಆಮೇಲೆ ಮೂರು ವಾರ ಶೂ ಬಿಚ್ಚಿ, ಕಾಲು ಚಾಚಿ, ಮೂರೂ ಗಂಟೆ ಸುಖವಾಗಿ ಕೂತಳು. ಸುಖವೇನೋ ಹೌದು, ಪಕ್ಕದ ಕುರ್ಚಿಯ ಅಜ್ಜಿ ಇಲ್ಲದಿದ್ದರೆ. ಸೊಂಟ ಮುರಿದುಕೊಂಡ ಗಂಡನನ್ನು ಮೇಲಿನ ಮಹಡಿಯಲ್ಲಿ ಮಲಗಿಸಿ, ಅಜ್ಜಿ ಇವಳಿಗಾಗಿ ಚೀಲವಿಟ್ಟು ಜಾಗ ಹಿಡಿದಿರುತ್ತಿದ್ದಳು. ಕೂತ ತಕ್ಷಣ ಪ್ರಶ್ನೆಗಳ ಸುರಿಮಳೆ. ಅಮ್ಮನಿಗೇನು ಕಾಯಿಲೆ, ಜ್ವರ ಬಿಟ್ಟಿತೇ, ಗಂಜಿ ಕುಡಿದಳೇ? ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಹಾಕಿ ಹಾಕಿ ಅಮ್ಮನಿಗೆ ಹೊಟ್ಟೆಯ ಆಪರೇಷನ್ನೂ ಆಗಿಹೋಯಿತು. ಗಿರಾಕಿಗಳಿಗೆ ನಗುನಗುತ್ತಾ ಉತ್ತರಿಸಿ ಬಂದರೆ ಇಲ್ಲೂ ಅದೇ ಗೋಳೇ ಎಂದು ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮೇಲೆ ಹೋಗಿ ನೋಡಿಬರೋಣ ಎಂದು ಅಜ್ಜಿ ಎದ್ದಾಗಲೆಲ್ಲ ಅಮ್ಮ ನಿದ್ದೆಯಲ್ಲಿರುತ್ತಿದ್ದಳು.

ಒಂದು ದಿನ ಅಜ್ಜಿ ಅವಳ ಕೈ ಹಿಡಿದುಕೊಂಡಳು. "ನಮ್ಮನೆಯವರು ಇವತ್ತು ನಡೆಯೋದು ಕಲಿತ್ರು ಕಣೇ. ಮೂರನೇ ಮಹಡಿ ಪೂರ್ತಿ ಹುಡುಕಿದ್ರಂತೆ. ನಿಮ್ಮಮ್ಮ ಯಾವ ಹಾಸಿಗೇಲೂ ಇಲ್ವಂತಲ್ಲ?"

ಅಜ್ಜಿಯ ಮುಖದಲ್ಲಿ ಅನುಮಾನವಿರಲಿಲ್ಲ, ಭಯವಿತ್ತು. ಕೆಟ್ಟ ಸುದ್ದಿಯನ್ನು ಹುಡುಗಿ ಒಬ್ಬಳೇ ನುಂಗಿಕೊಂಡು ಕೂತಿದ್ದಾಳೆಂದೇ ಅವಳು ಬಗೆದಿದ್ದಳು.

"ಬೆಳಗ್ಗೆ ಮನೆಗೆ ಕಳಿಸಿದ್ರು ಅಜ್ಜಿ. ವಾಸಿಯಾಯ್ತು. ಬಿಲ್ ಕಟ್ಟೋಕೆ ಬಂದೆ."

ಅಜ್ಜಿ ಅಲ್ಲೇ ಕಣ್ಣೀರು ಹಾಕಿದಳು. ಹಾಲಿನಲ್ಲಿದ್ದವರಿಗೆಲ್ಲ ಸುದ್ದಿ ಮುಟ್ಟಿಸಿದಳು. ಇನ್ನು ಈ ಕುರ್ಚಿ ಸವೆಸುವ ಹಣೆಬರಹ ನಿನಗಿಲ್ಲ, ಹೋಗಿ ಅಮ್ಮನ ಹತ್ತಿರ ಕೂತುಕೋ ಎಂದು ಎಬ್ಬಿಸಿ, ಬಾಗಿಲವರೆಗೂ ಬಂದು ಬೀಳ್ಕೊಟ್ಟಳು. ವಾಚ್‌ಮನ್ ಹಲ್ಲು ಬಿಟ್ಟು ಕೈ ಕುಲುಕಿದ. ಗಡಿಯಾರದಲ್ಲಿ ಇನ್ನೂ ಮೂರೂ ಇಪ್ಪತ್ತು. ಬೇರೆ ಮಹಡಿಗೆ ಹಾಕಿದ್ದಾರೆ ಎಂದಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಬೀದಿಯುದ್ದಕ್ಕೂ ತನ್ನ ನಾಲಿಗೆಯನ್ನೇ ಬೈದುಕೊಂಡಳು.

ಆಮೇಲಿನ ನಾಲ್ಕು ದಿನ ಅಂಗಡಿಗಳ ಮುಂದೆ ಸುಮ್ಮಸುಮ್ಮನೆ ಅಲೆದಳು. ಹಿಮ್ಮಡಿ ಬಿರಿದು ರಕ್ತ ಬಂತು. ಐದನೆಯ ದಿನ, ಆದದ್ದಾಗಲಿ ಎಂದು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಳು. ಅಜ್ಜಿ ಕಾಣಲಿಲ್ಲ. ಅವಳ ಕುರ್ಚಿ ಖಾಲಿಯಿತ್ತು.

ವಾಚ್‌ಮನ್ ಗಾಬರಿಯಿಂದ ಎದ್ದು ಬಂದ. "ಯಾಕಮ್ಮ, ಅಮ್ಮನಿಗೆ ಮತ್ತೆ ಹುಷಾರಿಲ್ವಾ?"

ಹೂಂ ಅಂದರೆ ಸಾಕಿತ್ತು, ಅವನು ಬಾಗಿಲು ಬಿಡುತ್ತಿದ್ದ. ಬಾಯಿ ತೆರೆದಳು. ಮೊದಲ ಸಲ ಅಷ್ಟು ಸಲೀಸಾಗಿ ಬಂದಿದ್ದ ಮಾತಿಗೆ ಈಗ ಅಜ್ಜಿಯ ಕಣ್ಣೀರು ಅಡ್ಡ ಬಂತು.

"ಇಲ್ಲಣ್ಣ. ಚೆನ್ನಾಗಿದ್ದಾರೆ. ಹೀಗೇ ಈ ಕಡೆ ಹೋಗ್ತಿದ್ದೆ, ಹೇಳಿ ಹೋಗೋಣ ಅಂತ ಬಂದೆ."

ಅವನು ನೋಡುತ್ತಿರುವಷ್ಟು ದೂರ ಕುಂಟದೆ ನಡೆದಳು. ಆರಕ್ಕೆ ಇನ್ನೂ ಎರಡೂಮುಕ್ಕಾಲು ಗಂಟೆಯಿತ್ತು.