ದೊರೆಯ ಗೋರಿಯ ಮೇಲೆ ಅಗೆಲು

"ಆ ಮೂಲೆಯ ಪಾಚಿ ತೆಗಿಲಿಕ್ಕೆ ನಿನ್ನ ಅಪ್ಪ ಬರ್ಬೇಕಾ? ಸರಿ ಉಜ್ಜು ರಂಡೆ!"

ರಾಧಾಕೃಷ್ಣ ಧಣಿ ಕೊಡೆ ಹಿಡಿದು ನಿಂತಿದ್ದರು. ನಾನು ಪೆನ್ರಿಜ್ ದೊರೆಯ ಗೋರಿಯ ಮೇಲೆ ಮೊಣಕಾಲೂರಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದೆ. ಕಡಬದ ಈ ರಬ್ಬರ್ ತೋಟ ಮಾಡಿದವನು ಅವನಂತೆ. ಕಾಡು ಕಡಿದು ಗುಂಡಿ ತೋಡಿದವರು ಯಾರೋ! ಜ್ವರ ಬಂದು ಅವನು ಸತ್ತಾಗ ಬಿಳಿ ಕಲ್ಲಿನ ಗೋರಿ ಕಟ್ಟಿದರು. ಅದೇ ಜ್ವರಕ್ಕೆ ಸತ್ತ ನಮ್ಮವರನ್ನು ಪಕ್ಕದ ಗುಡ್ಡೆಯಲ್ಲಿ ಹೂತರು. ನಮಗೆ ಕಲ್ಲಿಲ್ಲ, ಹೆಸರಿಲ್ಲ, ಮಣ್ಣಿನ ದಿಬ್ಬವಷ್ಟೆ. ನನ್ನ ಅಮ್ಮನನ್ನೂ ಕಳೆದ ವರ್ಷ ಅಲ್ಲೇ ಮಣ್ಣು ಮಾಡಿದೆವು.

"ಜೆಸಿಬಿ ಈಗ ಬರ್ತದೆ. ಗುಡ್ಡೆ ಸಮ ಮಾಡಿ ಹುಲ್ಲು ಹಾಸುದು. ನಾಳೆ ದೊರೆಯ ಮರಿಮಗ ಬಂದು ಅಲ್ಲಿ ಕೂತು ಚಾ ಕುಡಿಬೇಕು."

ದೊರೆಯ ಹಳೇ ಬಂಗಲೆಯನ್ನು ಧಣಿ ಈಗ ಹೋಂಸ್ಟೇ ಮಾಡಿದ್ದಾರೆ. ಅದಕ್ಕೆ ಆ ಮನೆತನದ ಹೆಸರು ಬೇಕು.

"ಧಣಿ, ನನ್ನ ಅಮ್ಮ ಇದ್ದಾಳಲ್ಲ ಅಲ್ಲಿ! ನಾಳೆ ಆದಿತ್ಯವಾರ ಅಗೆಲು ಬಡಿಸ್ಲಿಕ್ಕುಂಟು."

ಮಳೆಗಾಲದ ಆಟಿ ತಿಂಗಳಲ್ಲಿ, ಸತ್ತವರಿಗೆ ಎಲೆ ಹಾಕಿ ಕಡುಬು, ಕೋಳಿ ಪದಾರ್ಥ, ಕಳ್ಳು ಬಡಿಸುವುದೇ ಅಗೆಲು. ನಮ್ಮ ಕಾಲನಿಯವರು ಹೂತ ಜಾಗದ ತಲೆಕಡೆಗೇ ಬಡಿಸುತ್ತೇವೆ. ಅಮ್ಮನಿಗೆ ಇದು ಮೊದಲನೆಯದು.

"ಸತ್ತವಳಿಗೆ ಎಂತದ್ದು ಕೋಳಿ? ಮಣ್ಣಾಗಿ ಹೋಗಿದ್ದಾಳೆ ಅವಳು. ಉಜ್ಜು."

ಜೆಸಿಬಿ ಬಂತು. ಮೂರನೆಯ ಸಲ ಮಣ್ಣೆತ್ತುವಾಗ ಅಮ್ಮನಿಗೆ ಹೊದಿಸಿದ್ದ ಹಸಿರು ಸೀರೆಯ ಚೂರು ಅದರ ಹಲ್ಲಿಗೆ ಸಿಕ್ಕಿ ನೇತಾಡಿತು. ಡ್ರೈವರ್ ಅಬ್ಬಾಸ್ ಇಂಜಿನ್ ಬಂದ್ ಮಾಡಿ ಇಳಿದುಬಿಟ್ಟ. "ನನ್ನಿಂದ ಆಗುದಿಲ್ಲ ಮಾರಾಯ್ರೆ, ಇದು ಪಾಪ." ಧಣಿ ಇನ್ನೊಬ್ಬನನ್ನು ತರಿಸಿದರು. ಸಂಜೆಗೆ ಲಾರಿಯಲ್ಲಿ ಸುರುಳಿ ಸುತ್ತಿದ ಹುಲ್ಲು ಬಂತು. ನಾನು ಗೋರಿ ಉಜ್ಜುತ್ತಲೇ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ದೊರೆಯ ಮರಿಮಗ ಹೆಂಡತಿ ಸಮೇತ ಬಂದು ಗೋರಿಗೆ ಹೂವಿಟ್ಟ. ತನ್ನ ದೇಶದಲ್ಲಿರುವ ಅರಮನೆಯಂಥ ಮನೆಯನ್ನು ಫೋನಿನಲ್ಲಿ ಎಲ್ಲರಿಗೂ ತೋರಿಸಿದ. ನನ್ನ ಮಗಳು ಭವಿತಾ ಅಲ್ಲೇ ಅತಿಥಿಗಳಿಗೆ ಬಡಿಸುವವಳು, ಇಂಗ್ಲಿಷ್ ಬಲ್ಲವಳು. ಬಂಗಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹತ್ತಿರ ಬಂದು ಹೇಳಿದಳು.

"ಅಮ್ಮ, ಈ ದೊರೆ ಒಬ್ಬನನ್ನು ಬಿಟ್ಟು ಅವನ ಹಿರಿಯರೆಲ್ಲ ಆ ಮನೆಯ ಹಿಂದೆಯೇ ಗೋರಿಯಲ್ಲಿ ಮಲಗಿದ್ದಾರಂತೆ. ನಾನೂರು ವರ್ಷದಿಂದ ಒಂದು ಕಲ್ಲೂ ಅಲ್ಲಾಡ್ಸಿಲ್ಲಂತೆ. ಹಿರಿಯರು ಇರುವಲ್ಲಿಯೇ ಮನೆ ಅಂತ ಹೇಳ್ತಾನೆ. ಧಣಿ ಹೌದು ಹೌದು ಅಂತ ತಲೆ ಆಡಿಸ್ತಾ ಇದ್ದಾರೆ."

ನನ್ನ ಪಿತ್ತ ನೆತ್ತಿಗೇರಿತು. ಮನೆಗೆ ಓಡಿ, ಮಾಡಿಟ್ಟಿದ್ದ ಕಡುಬು, ಕೋಳಿ, ಕಳ್ಳಿನ ಬಾಟಲಿ ಬುಟ್ಟಿಗೆ ತುಂಬಿಕೊಂಡು ಬಂದೆ. ಅವರು ಹೊಸ ಹುಲ್ಲಿನ ಮೇಲೆ ಕುರ್ಚಿ ಹಾಕಿ ಚಹಾ ಕುಡಿಯುತ್ತಿದ್ದರು. ನಾನೇ ತೊಳೆದ ಬಿಳಿ ಕಲ್ಲಿನ ಮೇಲೆ ಬಾಳೆಲೆ ಹಾಸಿ ಬಡಿಸಿದೆ. ಕಳ್ಳು ಚೆಲ್ಲಿ ದೊರೆಯ ಹೆಸರಿನ ಮೇಲೆ ಹರಿಯಿತು.

"ಏ ಬೇವರ್ಸಿ, ದೊರೆ ಗೋರಿ ಅದು! ತೆಗಿ!"

"ನನ್ನ ಅಮ್ಮ ಎಲ್ಲಿ ಕೂತು ಉಣ್ಬೇಕು ಧಣಿ? ನಿಮ್ಮ ಕುರ್ಚಿ ಅವಳ ಎದೆ ಮೇಲೆ ಉಂಟು!"

ದೊರೆಯ ಮರಿಮಗ ಏನೆಂದು ಕೇಳಿದ. ಧಣಿ ಹಲ್ಲುಕಿರಿದು ಇಂಗ್ಲಿಷಿನಲ್ಲಿ ಏನೋ ಅಂದರು. ಅವನು ಖುಷಿಯಿಂದ ನನಗೆ ಕೈಮುಗಿದು ಫೋಟೋ ತೆಗೆದ.

"ಅವನ ಮುತ್ತಜ್ಜನಿಗೆ ನೀನು ಪೂಜೆ ಮಾಡುದಂತೆ," ಅಂದಳು ಭವಿತಾ. ಟ್ರೇಯನ್ನು ಕೆಳಗಿಟ್ಟಳು.

"ಭವಿತಾ, ಕೆಲಸ ಬೇಕಾ ಬೇಡ್ವಾ ನಿಂಗೆ?"

ಅವಳು ಧಣಿಯ ಕಡೆ ನೋಡಲೂ ಇಲ್ಲ. ಇಂಗ್ಲಿಷಿನಲ್ಲಿ, ನಿಧಾನಕ್ಕೆ, ಹುಲ್ಲಿನತ್ತ ಬೆರಳು ತೋರಿಸುತ್ತ ಎಲ್ಲವನ್ನೂ ಹೇಳಿದಳು.

ಅವನ ಹೆಂಡತಿ ಚಹಾದ ಕಪ್ ಬಿಟ್ಟು ಎದ್ದಳು. ಅವನು ಒಂದು ಕಾಲನ್ನು ಹುಲ್ಲಿನಿಂದ ಮೇಲೆತ್ತಿದ. ಎಲ್ಲಿಡುವುದೆಂದು ತಿಳಿಯದೆ ಹಾಗೇ ಹಿಡಿದು ನಿಂತ.

ನಾನು ಅಮ್ಮನನ್ನು ಹೆಸರು ಹಿಡಿದು ಊಟಕ್ಕೆ ಕರೆದೆ. ಆಮೇಲೆ ಎರಡನೆಯ ಎಲೆ ಹಾಸಿದೆ, ಮೂರನೆಯದು ಹಾಸಿದೆ. ನಮ್ಮವರು ಅಲ್ಲಿ ತುಂಬ ಜನ ಇದ್ದಾರೆ.