ತೂತು ಬಿದ್ದ ಎಲೆಗಳ ಅತ್ತಿಗೆ

ನನ್ನ ಅತ್ತಿಗೆ ಯಾವ ಕೋಣೆಯನ್ನೂ ನಿಂತು ನೋಡಿದವರಲ್ಲ. ಅವರು ದುಡಿಯುತ್ತಿದ್ದ ಮಕ್ಕಳ ಪ್ರದರ್ಶನಾಲಯಕ್ಕೆ ಹೊಸದೊಂದು ಮೇಜು ಬಂದರೆ, ಗೋಡೆಗೊಂದು ಚಿತ್ರ ಏರಿದರೆ, ತಟ್ಟನೆ ಮಂಡಿಯೂರಿ, ಪುಟ್ಟ ಮಗುವಿನ ಎತ್ತರಕ್ಕೆ ಇಳಿದು, ಹಾಗೆಯೇ ತೆವಳುತ್ತ ಕೋಣೆಯನ್ನೊಂದು ಸುತ್ತು ಹಾಕಿ ಬರುತ್ತಿದ್ದರು. “ಮದುವೇಲಿ ನನ್ನ ಭುಜಕ್ಕೆ ಬರ್ತಿದ್ಳು, ಈಗ ಸೊಂಟ ದಾಟಲ್ಲ” ಎಂದು ಅಣ್ಣ ನಗೆಯಾಡುತ್ತಿದ್ದ. ಅವರ ಕೋಟಿನ ಜೇಬುಗಳಲ್ಲಿ ಗೋಂದು, ಗುಂಡುಸೂಜಿ, ಮುರಿದ ಬಾಚಣಿಗೆ, ಒಮ್ಮೊಮ್ಮೆ ಎಲೆಯ ಸಮೇತ ಒಂದು ಕಂಬಳಿಹುಳು. ಒಗೆಯುವ ಮುನ್ನ ಜೇಬು ತಡಕುವುದು ಆ ಮನೆಯಲ್ಲಿ ಜೀವದಯೆಯ ಪ್ರಶ್ನೆಯಾಗಿತ್ತು.

ಅವರು ಕಟ್ಟಿದ ಚಿಟ್ಟೆಯ ಕೋಣೆಯಲ್ಲಿ ಕೊಂಡು ತಂದದ್ದು ಬಲು ಕಡಿಮೆ. ಹರಿದ ಕೊಡೆಗಳ ಕಡ್ಡಿಗೆ ರೇಷ್ಮೆಯ ಚಿಂದಿ ಹೊಲಿದು, ಹಗ್ಗ ಜಗ್ಗಿದರೆ ಬಿಚ್ಚಿಕೊಳ್ಳುವ ರೆಕ್ಕೆ ಮಾಡಿದ್ದರು; ಮಗು ಒಳಗೆ ನುಸುಳಿ, ಯಾರ ನೆರವೂ ಇಲ್ಲದೆ ಹೊರಳಾಡಿ ಹೊರಬರಬೇಕಾದ ಬಟ್ಟೆಯ ಗೂಡೊಂದಿತ್ತು. “ಬಿಸಾಡೋಕೆ ಅಂತ ಬೇರೆ ಜಾಗ ಎಲ್ಲಿದೆ ಕಣಪ್ಪ? ಎಲ್ಲಿ ಬಿಸಾಡಿದ್ರೂ ಅದು ಯಾರದೋ ಅಂಗಳಾನೇ” ಎನ್ನುತ್ತಿದ್ದರು. ಯಾವ ಆಪತ್ತಿಗೂ ಅವರದು ಒಂದೇ ಮಾತು: “ಸರಿ, ಈಗೇನು?” ಅಣ್ಣ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗಲೂ ಮೊದಲು ಅವರ ಬಾಯಿಂದ ಬಂದದ್ದು ಅದೇ.

ಕೋಣೆಯ ಹಿಂದಿನ ಅಂಗಳದಲ್ಲಿ ಚಿಟ್ಟೆಗಳು ಮೊಟ್ಟೆಯಿಡಲೆಂದೇ ಅವರು ಗಿಡಗಳನ್ನು ಬೆಳೆಸಿದ್ದರು. ಉದ್ಘಾಟನೆಯ ಬೆಳಿಗ್ಗೆ ನಾನೂ ಜೊತೆಗೆ ಹೋಗಿದ್ದೆ. ಎಲೆಗಳು ಫಳಫಳ ಹೊಳೆಯುತ್ತಿದ್ದವು; ಬುಡದಲ್ಲಿ ಹುಳುಗಳು ಮುರುಟಿ ಸತ್ತು ಬಿದ್ದಿದ್ದವು.

“ನೀವು ಖುಷಿ ಪಡ್ತೀರಿ ಅಂದ್ಕೊಂಡೆ, ಮೇಡಂ” ಎಂದರು ವ್ಯವಸ್ಥಾಪಕರು. ಕಾಲರಿನ ಗುಂಡಿಯನ್ನೂ ಬಿಚ್ಚದ ಅಚ್ಚುಕಟ್ಟಿನ ಮನುಷ್ಯ. “ಅತಿಥಿಗಳು ಬರ್ತಾರೆ, ಎಲೆಗಳೆಲ್ಲ ಜರಡಿ ಥರ ಇದ್ವು. ನಿನ್ನೆ ಸಂಜೆ ಔಷಧಿ ಹೊಡೆಸಿದೆ.”

ಅತ್ತಿಗೆ ಕೆಂಡಾಮಂಡಲವಾಗುತ್ತಾರೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಅಲ್ಲೇ ಕುಸಿದು ಕೂತು, ಸದ್ದಿಲ್ಲದೆ ಅತ್ತು, ಕೋಟಿನ ತೋಳಿನಲ್ಲಿ ಮೂಗೊರೆಸಿಕೊಂಡು ಎದ್ದರು. “ಸರಿ, ಈಗೇನು?”

ವಿಷ ತಾಗಿದ ಅಂಗಳಕ್ಕೆ ಬೀಗ ಬಿತ್ತು. ಹೊಳೆಯುವ ಗಿಡವೊಂದನ್ನು ಕುಂಡದಲ್ಲಿಟ್ಟು, ಎಲ್ಲವನ್ನೂ ಮಕ್ಕಳು ಮುಟ್ಟಲೆಂದೇ ಮಾಡುತ್ತಿದ್ದ ಅತ್ತಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ವಸ್ತುವಿಗೆ ಗಾಜು ಮುಚ್ಚಿದರು. ಪಕ್ಕದಲ್ಲಿ ತಮ್ಮ ಮನೆಯ ಕಿಟಕಿಯಿಂದ ತಂದ, ಎಲೆಯೆಲ್ಲ ತೂತಾದ ಅದೇ ಜಾತಿಯ ಬಡಕಲು ಗಿಡ.

“ನೀವು ಚಿಟ್ಟೆ ಅಮ್ಮ ಆಗಿದ್ರೆ ಮರಿಗಳನ್ನ ಯಾವುದರಲ್ಲಿ ಬಿಡ್ತೀರಿ?” ಎಂದು ಉದ್ಘಾಟನೆಗೆ ಬಂದ ಮಕ್ಕಳನ್ನು ಕೇಳಿದರು.

ಮಕ್ಕಳೆಲ್ಲ ಗಾಜಿನತ್ತ ಬೆರಳು ತೋರಿಸಿದರು. ಆಮೇಲೆ ಬಡಕಲು ಗಿಡದ ಎಲೆಗಳನ್ನು ಮೆಲ್ಲನೆ ಮಗುಚಿದಾಗ ಮೊಟ್ಟೆ ಸಿಕ್ಕವು, ಹುಳು ಸಿಕ್ಕವು, ಕೇಕೆ ಎದ್ದಿತು. ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಗಾಜಿನ ಮುಂದೆಯೇ ನಿಂತಿದ್ದಳು.

“ಈ ಚೆಂದದ ಗಿಡದಲ್ಲಿ ಯಾಕೆ ಯಾರೂ ಇಲ್ಲ?”

ವ್ಯವಸ್ಥಾಪಕರು ಬಾಗಿಲಲ್ಲೇ ನಿಂತಿದ್ದರು. ಅತ್ತಿಗೆ ಅವರತ್ತ ಕಣ್ಣೆತ್ತಲಿಲ್ಲ. “ಎಲೆ ತೂತಾಗಬಾರದು ಅಂತ ಔಷಧಿ ಹೊಡೆದ್ವಿ, ಪುಟ್ಟಿ. ಎಲ್ಲ ಸತ್ತೋದ್ವು.”

ಆ ‘ಹೊಡೆದ್ವಿ’ ಎಂಬ ಬಹುವಚನ ವ್ಯವಸ್ಥಾಪಕರನ್ನು ತಟ್ಟಿರಬೇಕು. ಬಂದು ಹುಡುಗಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. “ಹೊಡೆಸಿದ್ದು ನಾನು, ಮರಿ. ಗೊತ್ತಾಗ್ಲಿಲ್ಲ.”

ಹುಡುಗಿ ದೊಡ್ಡವರಂತೆ ಯೋಚಿಸಿ, “ಪರವಾಗಿಲ್ಲ, ಇನ್ಮೇಲೆ ಹೊಡಿಬೇಡಿ” ಎಂದು ಅವರ ಬೆರಳನ್ನು ಹಿಡಿದೊಯ್ದು ಒಂದು ಹುಳುವಿನ ಬೆನ್ನ ಮೇಲಿಟ್ಟಳು. “ಅಯ್ಯೋ, ಎಷ್ಟು ಮೆತ್ತಗಿದೆ!” ಎಂದರು ಅವರು.

ಅಂಗಳದ ಮಣ್ಣು ಬದಲಾಯಿಸಿ ಹೊಸ ಗಿಡ ನೆಟ್ಟದ್ದು ವ್ಯವಸ್ಥಾಪಕರೇ. ಮರುವರ್ಷ ಅತಿಥಿಗಳಿಗೆ ಜರಡಿಯಂಥ ಎಲೆಗಳನ್ನು ತೋರಿಸುವಾಗ ಅವರ ಮುಖದಲ್ಲಿ ಮೊಮ್ಮಗನ ಅಂಕಪಟ್ಟಿ ತೋರಿಸುವ ಅಜ್ಜನ ಹೆಮ್ಮೆಯಿತ್ತು. ಊರಿನ ತಾಯಂದಿರದು ಬೇರೆ ದೂರು: ಮಕ್ಕಳು ಮನೆಯಲ್ಲಿ ಕುಂಡದ ಗಿಡಕ್ಕೂ ಔಷಧಿ ಹೊಡೆಯಗೊಡುವುದಿಲ್ಲವಂತೆ.

ಮಕ್ಕಳ ಕೈಗೆಂದು ವಸ್ತು ಮಾಡುವವರ ಜಾಯಮಾನವೇ ಬೇರೆ. ತಾವು ಮಾಡಿದ್ದು ಅಳಿಯದೆ ಉಳಿಯಲೆಂದು ಲೋಕದ ಶಿಲ್ಪಿಗಳೆಲ್ಲ ಹಾರೈಸಿದರೆ, ಇವರು ಅದು ಸವೆದಷ್ಟೂ ಸಾರ್ಥಕವೆಂದು ನಂಬಿ, ಹಗಲೆಲ್ಲ ಹರಿದದ್ದನ್ನು ಸಂಜೆ ಹೊಲಿದು ಮತ್ತೆ ಅದೇ ಕೈಗಳಿಗೆ ಒಪ್ಪಿಸುತ್ತಾರೆ. ಕೆಟ್ಟದ್ದನ್ನು ರಿಪೇರಿ ಮಾಡಿ ಮಾಡಿ ಪಳಗಿದ ಇಂಥವರಿಗೆ, ಮನುಷ್ಯನೂ ರಿಪೇರಿಯಾದಾನೆಂಬ ಭರವಸೆ ಯಾವ ಉಪದೇಶವೂ ಇಲ್ಲದೆ ಬಂದುಬಿಟ್ಟಿರುತ್ತದೆ.